ಈಗೇನಾತು ಅಕ್ಕಾ

ಬೀದರಿನ ಟಾಕೀಸಿನಾಗ ಗೋಡಿ ಕಡಿ ಎರಡು ಸೀಟು ನಮ್ಮವು.
ಟಿಕೀಟು ಹರಿಯೋ ಖಾಜಾ ಮಾಮಾಗ ಗೊತ್ತದ.
ಮುಂದಿನ ಸಾಲಿನವರಿಗಿ ಮೊದಲೇ ಹೇಳಿಡತಾನ:
ಹಿಂದ ಒಬ್ಬಾಕಿ ಪಿಸುಗುಡತಾಳ, ಸಿಟ್ಟಾಗಬ್ಯಾಡ್ರಿ.

ಜೈವಂತನ ಕಿವಿ ನನ್ನ ಬಾಯಿಗಿ ನಾಕು ಬೆರಳು ದೂರ.
ಅವನಿಗಿ ಇಂಥ ಸಿನಿಮಾನೇ ಬೇಕು,
ಹಾಡು ಬಂದ್ರ ತೂಕಡಿಸತಾನ.
ಪರದೆ ಮ್ಯಾಲ ಒಬ್ಬ ಅಣ್ಣ ಲಾರಿ ಓಡಿಸ್ಲತ್ಯಾನ,
ಹಿಂದ ಜೋಳದ ಚೀಲದ ಸಂದ್ಯಾಗ ತಂಗಿ,
ಹಲ್ಲಾಗ ಸೆರಗು ಕಚ್ಚಿಕೊಂಡಾಳ.
ಅವರ ಬೆನ್ನಿಗಿ ಒಂದು ಜೀಪು, ಲೈಟು ಆರಿಸಿಕೊಂಡು.

"ಈಗೇನಾತು ಅಕ್ಕಾ?"
"ಏನಿಲ್ಲ. ರಸ್ತಾ ಅದ. ಕತ್ತಲದ."
"ಇನ್ನೊಂದು ಇಂಜಿನ್ ಸಪ್ಪಳ ಕೇಳ್ಲತ್ಯಾದಲ್ಲ?"

ಕೋಟಿ ಮಣ್ಣು ನಾಲಿಗಿಗಿ ಹಚ್ಚಿ ಹೇಳೋನು ಅವನು,
ಬಿದರಿ ಕಾರಖಾನ್ಯಾಗ ಅದೇ ನೌಕರಿ.
ಇದು ಮಳಿ ಉಂಡ ಮಣ್ಣು, ಉಗುಳತಾನ.
ಇದು ಬಿಸಲು ಮಳಿ ಎರಡೂ ಕಾಣದ್ದು,
ಇದರಾಗ ಕುದಿಸಿದ್ರ ಸತುವು ಕರ್ರಗ, ಬೆಳ್ಳಿ ಬೆಳ್ಳಗ.
ಅಂಥವನಿಗಿ ನಾನು ಕಥಿ ಉಣಸೋದು.

ಸಿನಿಮಾದ್ದಷ್ಟೇ ಅಲ್ಲ.
ಹುಮನಾಬಾದಿನ ಹೆಣ್ಣಿನ ಕಡ್ಯವರು ಬಂದು ಹೋದಾಗ
ನಮ್ಮ ಮನಿ ಸಣ್ಣದಾತಂತ ಅಂದೆ.
ಅವರು ಅಂದಿದ್ದು ಬ್ಯಾರೆ.

ಆರು ವರ್ಷದವನಿದ್ದ. ಕ್ರಿಸ್ಮಸ್ಸಿನ ಹಿಂದಿನ ವಾರ,
ಗೋಡಿಗಿ ಹಚ್ಚೋ ಸುಣ್ಣ ಡ್ರಮ್ಮಿನಾಗ ಕುದಿಲತ್ತಿತ್ತು.
ತಮ್ಮನ ಮ್ಯಾಲ ಕಣ್ಣಿಡು, ಅಂದು ಅವ್ವ ನೀರಿಗಿ ಹೋದಳು.
ನಾನು ಬಾಗಲದಾಗ ನಿಂತು
ಬಳೆಗಾರಳ ಪೆಟ್ಟಿಗಿ ನೋಡ್ಲತ್ತಿದ್ದೆ.
ಕಣ್ಣಿಡು.
ಎಂಥ ಮಾತು ಆರಿಸಿಕೊಂಡಿದ್ದಳು ಅವ್ವ.

ನಾ ಬ್ಯಾಡ ಅಂದೆ, ತಾನೇ ಬಗ್ಗಿದ, ಅಂತ ಹೇಳಿದೆ.
ದವಾಖಾನ್ಯಾಗ, ಎರಡೂ ಕಣ್ಣಿಗಿ ಪಟ್ಟಿ ಕಟ್ಟಿಸಿಕೊಂಡು,
ಯಾರೂ ಕೇಳದೇ ಅವನೂ ಅಂದ:
ಹೌದು, ಅಕ್ಕ ಬ್ಯಾಡ ಅಂದಿದ್ಲು.

ಇಂಟರ್ವಲ್ಲಿಗಿ ಸೇಂಗಾ ತಿಂದೆವು.

ಕಡೀಗಿ ಒಂದು ಇಟ್ಟಂಗಿ ಭಟ್ಟಿ. ನಾಕು ಜನ, ಒಬ್ಬ ಅಣ್ಣ.
ಮೂರು ಮಂದಿ ಬಿದ್ದರು, ಹಾಲ್ ತುಂಬ ಸೀಟಿ.
ನಾಕನೇದವನ ಚೂರಿ ಹಿಡಿ ತನಕ ಇಳಿತು.

"ಈಗೇನಾತು ಅಕ್ಕಾ?"
"ತಪ್ಪಿಸಿಕೊಂಡ."
"ಮತ್ತ ಆ ಹೆಣ್ಮಗಳು ಯಾಕ ಅಳ್ಲತ್ಯಾಳ?"
"ಖುಷಿಗಿ."
"ಹಿಂದಿನ ಸಾಲಿನವರು?"
"ಅವರೂ."

ಸತ್ತವನಿಗಿ ರಟ್ಟಿ ಹಿಡಿದು ಎಬ್ಬಿಸಿದೆ, ಲಾರಿ ಹತ್ತಿಸಿದೆ,
ಭಾಲ್ಕಿ ದಾಟಿಸಿ ಉದಗೀರದ ಕಡಿ ಕಳಿಸಿದೆ,
ತಂಗಿ ಕೈಯಾಗ ಬಿಸಿ ಚಾದ ಬಟ್ಟಲು ಕೊಟ್ಟೆ,
ಸಕ್ಕರಿ ಒಂದು ಚಮಚ ಜಾಸ್ತಿ.
ಪರದೆ ಮ್ಯಾಲ ಬರೇ ಹೆಸರು ಏರ್ಲತ್ತಿದ್ದವು,
ಮಂದಿ ಎದ್ದು ಹೊಂಟಿದ್ರು,
ನನ್ನ ಸಿನಿಮಾ ಇನ್ನೂ ಮುಗಿದಿರಲಿಲ್ಲ.

ಜೈವಂತನ ನಾಲಿಗಿ ತುದಿ ತುಟಿಗಿ ತಾಕಿತು.
ಉಗುಳಲಿಲ್ಲ.
"ಛಲೋ ಆತು," ಅಂದ. "ಉಳಕೊಂಡನಲ್ಲ."

ಹೊರಗ ಬಿಸಲು ಕಣ್ಣಿಗಿ ಹೊಡಿತು, ನನ್ನ ಕಣ್ಣಿಗಿ.
ಕುರುಡಿಯಂಗ ರಸ್ತಾಕ ಕಾಲಿಟ್ಟೆ.
ಮುಂಗೈ ಹಿಡಿದು ಎಂಥ ಜೋರು ಎಳೆದನಂದ್ರ
ಎರಡು ಬಳಿ ಚೂರಾದವು.
ಮೂಗಿನ ಮುಂದ ಒಂದು ಲಾರಿ ಹಾದು ಹೋತು,
ಅದರ ಗಾಳಿಗಿ ಅವನ ಅಂಗಿ ಉಬ್ಬಿತು.
ಹಿಡಿದ ಕೈ ಬಿಡಲಿಲ್ಲ.

"ಯಾವ ಬಣ್ಣದ್ದಿತ್ತು ಅಕ್ಕಾ?"

ಛಂದನ್ನ ಒಂದು ಹಸರು ಬಾಯಿ ತನಕ ಬಂದಿತ್ತು.
"ಬಣ್ಣ ಹೋಗ್ಯಾದ," ಅಂದೆ. "ಜಂಗು ಹಿಡದದ.
ಹಿಂದಿನ ಲೈಟು ಒಂದು ಒಡದದ."

"ಹಾಂ," ಅಂದ. "ಸಪ್ಪಳ ಹಂಗೇ ಇತ್ತು."